ಮಡಿಗೊಂದು ಯಂತ್ರ

ಶಹಾಬಾದ
9 ಆಗಸ್ಟ್ 1999

ಖಂಡಪ್ಪ,

ಫ್ಯಾಕ್ಟರಿ ಮುಚ್ಚಿ ನೀನು ಐನಾಪುರದ ಹೊಲಕ್ಕೆ ಮರಳಿದ ಮೇಲೆ ಈ ಊರಿನಲ್ಲಿ ಒಂದು ಬೋಲ್ಟನ್ನು ನೆಟ್ಟಗೆ ಬಿಗಿಯುವವರು ಉಳಿದಿಲ್ಲ. ಇಪ್ಪತ್ತೆರಡು ವರ್ಷ ನಾನು ಕರೆಂಟು ಕೊಟ್ಟೆ, ನೀನು ಚಕ್ರ ತಿರುಗಿಸಿದೆ. ಈಗ ವಾಡಿಯ ಕಾರ್ಖಾನೆಯಲ್ಲಿ ನನ್ನ ಪಾಲಿಗೆ ಬಂದಿರುವ ಫಿಟ್ಟರುಗಳು ಪಾನಾ ಹಿಡಿಯುವುದನ್ನು ನೋಡಿದರೆ ನೀನು ಅಲ್ಲೇ ಕೂತು ಅತ್ತುಬಿಡುತ್ತೀ.

ಅವ್ವನ ವಿಷಯಕ್ಕೆ ಬರೆಯುತ್ತಿದ್ದೇನೆ. ಲಕ್ವಾ ಹೊಡೆದು ಈ ದೀಪಾವಳಿಗೆ ಎರಡು ವರ್ಷ. ಎಡಗೈ, ಎಡಗಾಲು ಹಾಗೇ ಬಿದ್ದಿವೆ. ಮಾತು ಮಾತ್ರ ಮೊದಲಿಗಿಂತ ಚುರುಕು. ಹೆಂಡತಿ ರಂಜನಾ ಏಳೂವರೆಯ ಬಸ್ಸಿಗೆ ಚಿತ್ತಾಪುರದ ಶಾಲೆಗೆ ಪಾಠ ಹೇಳಲು, ನಾನು ಎಂಟರ ಗಾಡಿಗೆ ವಾಡಿಗೆ. ಆಮೇಲೆ ಮನೆಯಲ್ಲಿ ಅವ್ವ ಮತ್ತು ನಿನ್ನ ಅಕ್ಕ ಚಂದಮ್ಮ, ಇಬ್ಬರೇ. ಮಂಚದಿಂದ ಎತ್ತಿ ಬಚ್ಚಲಿಗೆ ಒಯ್ಯುವುದು, ಸ್ನಾನ ಮಾಡಿಸುವುದು, ಮತ್ತೆ ಎತ್ತಿ ತಂದು ಮಲಗಿಸುವುದು. ಭಂಕೂರದಿಂದ ನಡೆದು ಬಂದು ಇಷ್ಟನ್ನೂ ಆಕೆ ಒಬ್ಬಳೇ ಮಾಡುತ್ತಾಳೆ. ಐವತ್ತು ದಾಟಿದವಳ ಬೆನ್ನು ಎಷ್ಟು ದಿನ ತಡೆದೀತು?

ಮೊನ್ನೆ ಪೇಪರಿನಲ್ಲಿ ಓದಿದೆ. ಮುದುಕರನ್ನು ಎತ್ತಿ ಕೂರಿಸಲು, ಔಷಧಿಯ ಹೊತ್ತು ನೆನಪಿಸಲು ಜಪಾನಿನವರು ರೋಬೋಟ್ ತಯಾರು ಮಾಡುತ್ತಿದ್ದಾರಂತೆ. ಅವರಿಗೆ ಆಗುವುದು ನಮಗೇಕೆ ಆಗಬಾರದು? ಮಂಚದ ಮೇಲಿಂದ ಬಚ್ಚಲವರೆಗೆ ಒಂದು ಗರ್ಡರು. ಅದರ ಮೇಲೆ ಓಡುವ ಗಾಲಿ, ಫರಸಿಕಲ್ಲು ಎತ್ತುವ ಚೈನು, ಒಂದು ಸಣ್ಣ ಮೋಟಾರು. ಕೆಳಗೆ ಬಟ್ಟೆಯ ಜೋಲಿ. ಅವ್ವನ ಬಲಗೈಗೆ ಸ್ವಿಚ್ಚು. ಮೇಲೆ, ಕೆಳಗೆ, ಮುಂದೆ, ಹಿಂದೆ, ನಾಲ್ಕೇ ಗುಂಡಿ. ಅವ್ವನ ಮಡಿ ನಿನಗೆ ಗೊತ್ತೇ ಇದೆ, ಸ್ನಾನವಾಗಿ ಜಪ ಮುಗಿಯುವವರೆಗೆ ಮುಟ್ಟುವಂತಿಲ್ಲ. ಯಂತ್ರ ಮುಟ್ಟಿದರೆ ಮೈಲಿಗೆಯೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ.

ನೀನು ಬಂದು ಕೂಡಿಸಿಕೊಡಬೇಕು. ಇಲ್ಲ ಎನ್ನಬೇಡ.

ನಿನ್ನ ಹಾದಿ ನೋಡುವ,
ಜಯತೀರ್ಥ


ಐನಾಪುರ
27 ಆಗಸ್ಟ್ 1999

ರಾಯರಿಗೆ ಖಂಡಪ್ಪನ ನಮಸ್ಕಾರ.

ಪತ್ರ ಓದಿ ಕೈ ತುರಿಸಿತು. ಇಲ್ಲಿ ಹೆಸರುಕಾಯಿ ಬಿಡಿಸಿ ಬಿಡಿಸಿ ಬೆರಳು ಮೊಂಡಾಗಿವೆ, ಗ್ರೀಸಿನ ವಾಸನೆ ಕಂಡು ಮೂರು ವರ್ಷವಾಯಿತು. ಹೊಲದ ಕೆಲಸ ಮುಗಿಸಿ ದಸರೆಗೆ ಬರುತ್ತೇನೆ. ಗರ್ಡರು ಆರಿಂಚಿನದೇ ಇರಲಿ. ಮೋಟಾರು ನೀವು ನೋಡಿಕೊಳ್ಳಿರಿ.

ಒಂದು ಮಾತು. ಕೈಯಿಂದ ತಿರುಗಿಸುವ ಹಿಡಿಕೆಯೊಂದನ್ನು ಹಾಕೋಣ. ನಮ್ಮ ಕಡೆಯ ಕರೆಂಟು ಹೇಳಿ ಕೇಳಿ ಹೋಗುವುದಿಲ್ಲ. ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನೊಂದು, ಸುಮ್ಮನೆ ಕೇಳುತ್ತೇನೆ. ಅಕ್ಕ ಎರಡು ವರ್ಷದಿಂದ ಅವ್ವಾರನ್ನು ಮಡಿಯಲ್ಲೇ ಎತ್ತಿ ಇಳಿಸುತ್ತಿದ್ದಾಳೆ. ಅವ್ವಾರು ಒಂದು ದಿನವೂ ಬೇಡ ಎಂದಿಲ್ಲ ಅಂತ ಅವಳೇ ಹೇಳುತ್ತಿದ್ದಳು. ಈಗ ಮಡಿಯ ಮಾತು ಎಲ್ಲಿಂದ ಬಂತು? ಇರಲಿ, ಅವಳ ಬೆನ್ನಿಗೆ ಆರಾಮಾದರೆ ನನಗೆ ಅಷ್ಟೇ ಸಾಕು. ಗಂಡ ಸತ್ತಾಗಿನಿಂದ ಆಕೆ ದುಡಿದದ್ದು ಬಹಳವಾಯಿತು.

ನಿಮ್ಮ,
ಖಂಡಪ್ಪ


ಶಹಾಬಾದ
4 ನವೆಂಬರ್ 1999

ಖಂಡಪ್ಪ,

ನೀನು ಕೂಡಿಸಿ ಹೋದ ಯಂತ್ರ ಓಡುತ್ತಿದೆ, ಭರ್ಜರಿ ಓಡುತ್ತಿದೆ. ರಂಜನಾ ಬೆಳಿಗ್ಗೆ ಜೋಲಿಯನ್ನು ಅವ್ವನ ಮೈಕೆಳಗೆ ಹಾಸಿ ಹೋಗುತ್ತಾಳೆ. ಆಮೇಲೆ ಅವ್ವ ತನಗೆ ಬೇಕಾದಾಗ ಗುಂಡಿ ಒತ್ತಿ ಬಚ್ಚಲಿಗೆ ಹೋಗಿ ಕೂತು, ಬಲಗೈಯಿಂದ ನೀರು ಸುರಿದುಕೊಂಡು, ಮತ್ತೆ ಮಂಚಕ್ಕೆ ಬರುತ್ತಾಳೆ. ಓಣಿಯ ಹುಡುಗರೆಲ್ಲ ಕಿಟಕಿಗೆ ಮುಖ ಒತ್ತಿ 'ರೋಬೋಟ್, ರೋಬೋಟ್' ಎನ್ನುತ್ತಿದ್ದರು, ಗದರಿಸಿ ಓಡಿಸಿದೆ. ಸೇಡಂನಿಂದ ನನ್ನ ದೊಡ್ಡಪ್ಪನ ಮಗ ನಂದಕಿಶೋರಣ್ಣ ಬಂದು ನೋಡಿ ನನ್ನ ಬೆನ್ನು ತಟ್ಟಿ ಹೋದ.

ಒಂದು ಟೇಪ್‌ರಿಕಾರ್ಡರನ್ನೂ ಜೋಡಿಸಿದ್ದೇನೆ, ಸೆಲ್ಲಿನ ಮೇಲೆ ನಡೆಯುತ್ತದೆ. ಒಂಬತ್ತು ಗಂಟೆಯಿಂದ ಕಾಲುಗಂಟೆಗೊಮ್ಮೆ ನನ್ನ ದನಿಯಲ್ಲಿ, "ಅವ್ವಾ, ಗುಳಿಗಿ ತಗೊಂಡ್ಯಾ?" ಎಂದು ಕೇಳುತ್ತದೆ. ಗುಳಿಗೆ ನುಂಗಿ ಅವ್ವ ಗುಂಡಿ ಒತ್ತಿದರೆ ಸುಮ್ಮನಾಗುತ್ತದೆ. ಮೊದಲೆರಡು ದಿನ ಅವ್ವ ಅದಕ್ಕೆ "ಹೂಂನೋ ಅಪ್ಪಾ" ಎಂದು ಉತ್ತರ ಕೊಡುತ್ತಿದ್ದಳಂತೆ.

ನೀನು ಹೇಳಿದ ಹಿಡಿಕೆಯನ್ನು ಆಮೇಲೂ ಹಾಕಿಸಲಿಲ್ಲ. ಅದನ್ನು ತಿರುಗಿಸಲು ಮತ್ತೆ ಒಬ್ಬರು ಇರಬೇಕು, ಯಾರೂ ಬೇಡವೆಂದೇ ಅಲ್ಲವೇ ಯಂತ್ರ.

ಚಂದಮ್ಮ ಕಳೆದ ಸೋಮವಾರದಿಂದ ಬರುತ್ತಿಲ್ಲ. ಆಕೆಗೂ ವಿಶ್ರಾಂತಿ ಬೇಕಿತ್ತು.

ನಿನ್ನ,
ಜಯತೀರ್ಥ


ಐನಾಪುರ
12 ಡಿಸೆಂಬರ್ 1999

ರಾಯರಿಗೆ,

ಅಕ್ಕ ಇಲ್ಲಿಗೆ ಬಂದು ತಿಂಗಳಾಯಿತು. ಭಂಕೂರದ ಮನೆಯನ್ನು ಮಗಳು ಅಂಬಿಕಾಗೆ ಬಿಟ್ಟು ಬಂದಿದ್ದಾಳೆ. ಯಾಕೆ ಬಂದೆ ಎಂದರೆ ಕೆಲಸ ಮುಗಿಯಿತು ಎನ್ನುತ್ತಾಳೆ. ಊಟಕ್ಕೆ ಕೂತಾಗ ತನ್ನ ಅಂಗೈಯನ್ನು ತಿರುವಿ ನೋಡಿಕೊಳ್ಳುತ್ತಾಳೆ. ನಿನ್ನೆ ನನ್ನ ಹೆಂಡತಿ ಬಹಳ ಕಾಡಿದ ಮೇಲೆ ಬಾಯಿಬಿಟ್ಟಳು. "ಅವ್ವಾರಿಗಿ ನನ್ನ ಕೈ ಬ್ಯಾಡಾಗ್ಯಾವ. ರಾಯರಽ ಹೇಳ್ಯಾರ" ಅಂದಳು.

ರಾಯರೇ, ದಸರೆಯಲ್ಲಿ ಯಂತ್ರ ಕೂಡಿಸಿದ ದಿನ ಭಾರ ತಡೆಯುತ್ತದೋ ಇಲ್ಲವೋ ನೋಡಲು ಜೋಲಿಯಲ್ಲಿ ಕೂರಿಸಿದ್ದು ನನ್ನಕ್ಕನನ್ನೇ. ನಾನು ಗುಂಡಿ ಒತ್ತಿದೆ, ಅವಳು ಮೇಲೆ ಹೋಗಿ ಸಣ್ಣ ಹುಡುಗಿಯಂತೆ ನಕ್ಕಳು. ಅವ್ವಾರೂ ಮಂಚದ ಮೇಲಿಂದ ನಕ್ಕರು, ನನ್ನ ಕಣ್ಣಾರೆ ನೋಡಿದ್ದೇನೆ. ಹಾಗೆ ನಕ್ಕ ಮುದುಕಿ ಹತ್ತು ದಿನದಲ್ಲಿ ನಿನ್ನ ಕೈ ಬೇಡ ಎಂದರೆ?

ಅವ್ವಾರು ಹಾಗೆ ಅಂದದ್ದು ಹೌದೇ? ಅಷ್ಟು ಬರೆಯಿರಿ.

ಖಂಡಪ್ಪ


ಶಹಾಬಾದ
20 ಜನವರಿ 2000

ಖಂಡಪ್ಪ,

ಉತ್ತರ ತಡವಾಯಿತು. ಕಾರ್ಖಾನೆಯಲ್ಲಿ ಕೆಲಸ ಬಹಳ.

ನೀನು ಕೇಳಿದ್ದಕ್ಕೆ ಏನೆಂದು ಬರೆಯಲಿ? ಹಳೆಯ ಕಾಲದ ಮಡಿ ಹೆಂಗಸು. ವಯಸ್ಸಾದಂತೆ ಇಂಥವು ಹೆಚ್ಚಾಗುತ್ತವೆ. ನಾನು ಹೇಳಿದರೆ ಕೇಳುತ್ತಾಳೆಯೇ? ಚಂದಮ್ಮ ಮನಸ್ಸಿಗೆ ಹಚ್ಚಿಕೊಳ್ಳಬಾರದು. ಆಕೆಗೆಂದು ಒಂದು ಇಳಕಲ್ ಸೀರೆ ಕಳಿಸಿದ್ದೇನೆ.

ಜಯತೀರ್ಥ


ಐನಾಪುರ
15 ಫೆಬ್ರವರಿ 2000

ರಾಯರಿಗೆ,

ಸೀರೆ ತಿರುಗಿ ಕಳಿಸಿದ್ದೇನೆ. ಮಡಿಕೆ ಬಿಚ್ಚಿಲ್ಲ.

ಅಕ್ಕ ಹೇಳಿದ್ದನ್ನು ಬರೆಯುತ್ತೇನೆ. ಅವ್ವಾರ ಎಡ ಹಿಮ್ಮಡಿಗೆ ದಿನಾ ಕೊಬ್ಬರಿ ಎಣ್ಣೆ ಹಚ್ಚಬೇಕಂತೆ, ಇಲ್ಲದಿದ್ದರೆ ಹುಣ್ಣಾಗುತ್ತದಂತೆ. ಎಡಗಡೆ ಹೊರಳಿಸುವಾಗ ಮೊದಲು ಕೈಯನ್ನು ಎತ್ತಿ ಎದೆಯ ಮೇಲೆ ಇಡಬೇಕಂತೆ. ಅಲ್ಲಿ ನೋವಾದರೂ ಅವ್ವಾರು ಹೇಳುವುದಿಲ್ಲವಂತೆ.

ನನ್ನದು ಇಷ್ಟೇ. ಅಕ್ಕನನ್ನು ಹೊರಗೆ ಹಾಕುವ ಯಂತ್ರಕ್ಕೆ ನನ್ನ ಕೈಯಿಂದಲೇ ಬೋಲ್ಟು ಬಿಗಿಸಿಕೊಂಡಿರಿ. ಅದಕ್ಕೆ ನನಗೆ ನಾಚಿಕೆಯಾಗುತ್ತದೆ, ನಿಮಗೆ ಆಗುತ್ತದೋ ಇಲ್ಲವೋ. ಇನ್ನು ಪತ್ರ ಬೇಡ.

ಖಂಡಪ್ಪ


ಶಹಾಬಾದ
29 ಮೇ 2000

ಖಂಡಪ್ಪ,

ಪತ್ರ ಬೇಡ ಎಂದು ನೀನು ಬರೆದಿದ್ದೆ. ಇದೊಂದನ್ನು ಓದು, ಓದಿ ಚಂದಮ್ಮನಿಗೂ ಹೇಳು.

ಅವ್ವ ಹಾಗೆ ಅಂದಿರಲಿಲ್ಲ. ಎಂದೂ ಅಂದಿರಲಿಲ್ಲ. ಹೇಳಿದವನು ನಾನು, ಅವ್ವನ ಹೆಸರಿನಲ್ಲಿ.

ಹೋದ ವರ್ಷ ಜುಲೈದಲ್ಲಿ ಅಪ್ಪನ ಶ್ರಾದ್ಧ. ಬ್ರಾಹ್ಮಣರು ಎಲೆಯ ಮುಂದೆ ಕೂತಿದ್ದರು. ಒಳಗಿನಿಂದ ಅವ್ವ ಚಂದಮ್ಮನನ್ನು ಕರೆದಳು, ಎಲೆಗಳನ್ನು ನೋಡಬೇಕೆಂದಳು. ಚಂದಮ್ಮ ಅವಳನ್ನು ಕೂಸಿನಂತೆ ಎತ್ತಿಕೊಂಡು ಬಂದು ಪಡಸಾಲೆಯ ಬಾಗಿಲಲ್ಲಿ ನಿಂತಳು. ನಂದಕಿಶೋರಣ್ಣ ನನ್ನನ್ನು ಪಕ್ಕಕ್ಕೆ ಕರೆದು, ಮನೆ ಹೀಗೆ ನಡೆಯುತ್ತಿದೆಯೆಂದು ಗೊತ್ತಿದ್ದರೆ ತಾನು ಬರುತ್ತಿರಲಿಲ್ಲ ಎಂದ. ಅವನೊಬ್ಬ ಎದ್ದರೆ ಎಲ್ಲರೂ ಏಳುತ್ತಿದ್ದರು, ಅಪ್ಪನ ಪಿಂಡ ಅಲ್ಲಿಗೇ ನಿಲ್ಲುತ್ತಿತ್ತು. "ಬ್ಯಾರೆ ವ್ಯವಸ್ಥಾ ಮಾಡ್ಲಿಕತ್ತೀನಿ, ನೀ ಕೂಡು" ಎಂದುಬಿಟ್ಟೆ. ಆ ವ್ಯವಸ್ಥೆಯೇ ನಿನಗೆ ಬರೆದ ಮೊದಲ ಪತ್ರ. ಜಪಾನಿನ ಸುದ್ದಿ ಓದಿದ್ದು ನಿಜ, ಆದರೆ ಓದಿದಾಗ ನನಗೆ ಹೊಳೆದದ್ದು ಚಂದಮ್ಮನ ಬೆನ್ನಲ್ಲ.

ಎಲ್ಲವನ್ನೂ ನಂದಕಿಶೋರಣ್ಣನ ತಲೆಗೆ ಕಟ್ಟಿದರೆ ನನಗೆ ಸಲೀಸು. ಅವನು ಒಂದು ಮಾತು ಅಂದ, ಉಂಡ, ಹೋದ. ಉಳಿದದ್ದೆಲ್ಲ ನನ್ನದು. ಭಾರ ನೋಡಲು ಚಂದಮ್ಮನನ್ನು ಜೋಲಿಯಲ್ಲಿ ಕೂರಿಸಿದೆವಲ್ಲ, ನೀನು ಬಸ್ಸು ಹತ್ತಿದ ಮೇಲೆ ಆ ಬಟ್ಟೆಯನ್ನು ಬಿಚ್ಚಿ ಹಿತ್ತಲಿಗೆ ಎಸೆದೆ, ಹೊಸದನ್ನು ಹೊಲಿಸಿ ಹಾಕಿದೆ. ಮರುದಿನ ಬೆಳಿಗ್ಗೆ ಚಂದಮ್ಮ ಹಿತ್ತಲಲ್ಲಿ ಅದನ್ನು ನೋಡಿ, ಎತ್ತಿ ಕೊಡವಿ, ಯಾಕೆಂದು ಕೇಳಿದಳು. ಆಗ ನನ್ನ ಬಾಯಿಗೆ ಬಂದದ್ದು ಅವ್ವನ ಹೆಸರು. ನನ್ನ ಮಾತು ನಂಬಲು ಸಾಕ್ಷಿಯಾಗಿ ಆ ಬಟ್ಟೆ ಅವಳ ಕೈಯಲ್ಲೇ ಇತ್ತು. ಮತ್ತೆಂಟು ದಿನ ಬಂದಳು, ಅವ್ವನನ್ನು ಮುಟ್ಟದೆ ಕಸ ಮುಸುರೆ ಮಾಡಿದಳು, ಆಮೇಲೆ ಬರಲಿಲ್ಲ. ಅವ್ವ ಕೇಳಿದಾಗ, ನಿನ್ನನ್ನು ಎತ್ತಿ ಎತ್ತಿ ಅವಳಿಗೆ ಸಾಕಾಗಿದೆ, ಅದಕ್ಕೇ ಹೋದಳು ಎಂದೆ. ರಂಜನಾಗೂ ಅದನ್ನೇ ಹೇಳಿದೆ.

ಈಗ ಹದಿನೇಳನೆಯ ತಾರೀಖಿನ ವಿಷಯ. ಬೇಸಿಗೆ ರಜೆಯಲ್ಲೂ ರಂಜನಾಗೆ ಶಾಲೆಯಲ್ಲಿ ಕೆಲಸವಿತ್ತು, ನಾವಿಬ್ಬರೂ ಹೊರಗೆ ಬೀಗ ಹಾಕಿಕೊಂಡು ಹೋಗಿದ್ದೆವು. ಅವ್ವ ಸ್ನಾನ ಮುಗಿಸಿ ಗುಂಡಿ ಒತ್ತಿ ಬಚ್ಚಲಿನಿಂದ ಮೇಲೆದ್ದಿದ್ದಾಳೆ, ಮಂಚಕ್ಕೂ ಬಚ್ಚಲಿಗೂ ನಡುವೆ ಬಂದಾಗ ಕರೆಂಟು ಹೋಯಿತು. ನೆಲದಿಂದ ಮೂರು ಅಡಿ ಮೇಲೆ, ಒದ್ದೆ ಸೀರೆಯಲ್ಲಿ, ಬಲಗಾಲು ಜೋಲಿಯಿಂದ ಜಾರಿ ನೇತಾಡುತ್ತ. ಮೋಟಾರು ಸತ್ತಿತ್ತು, ಸೆಲ್ಲಿನ ಟೇಪು ಸಾಯಲಿಲ್ಲ. ಒಂಬತ್ತರಿಂದ ಕಾಲುಗಂಟೆಗೊಮ್ಮೆ ನನ್ನ ದನಿ, ಅವ್ವಾ ಗುಳಿಗಿ ತಗೊಂಡ್ಯಾ ಎಂದು ಕೇಳುತ್ತಲೇ ಇತ್ತು. ಸೀರೆ ಸರಿದಿತ್ತಂತೆ, ಓಣಿಯಲ್ಲಿ ಗಂಡಸರಿದ್ದಾರೆಂದು ಅವ್ವ ಮೊದಲು ಕೂಗಲಿಲ್ಲ. ತಡೆಯಲಾಗದೆ ಕೊನೆಗೆ ಕೂಗಿದ್ದು ಚಂದಮ್ಮನ ಹೆಸರನ್ನು.

ಅದನ್ನು ಕೇಳಿ ಪಕ್ಕದ ಮನೆಯ ನಜಮುನ್ನೀಸಾ ಹಿತ್ತಲ ಗೋಡೆ ಹಾರಿ, ಅಗುಳಿ ಹಾಕದ ಹಿಂಬಾಗಿಲಿನಿಂದ ಬಂದಳು. ನಿನ್ನ ಹಿಡಿಕೆ ಇದ್ದಿದ್ದರೆ ಎರಡು ನಿಮಿಷದ ಕೆಲಸ. ಅದಿಲ್ಲದ್ದರಿಂದ ಅವ್ವನ ಕಾಲುಗಳನ್ನು ತನ್ನ ತೋಳುಗಳ ಮೇಲೆ ಇಟ್ಟುಕೊಂಡು, ಕರೆಂಟು ಬರುವವರೆಗೆ ಒಂದು ತಾಸು ಹತ್ತು ನಿಮಿಷ ನಿಂತಿದ್ದಳು. ಸಂಜೆ ಬಂದು ಇಷ್ಟನ್ನೂ ಆಕೆಯ ಬಾಯಿಂದ ಕೇಳಿದೆ. ಕೇಳಿ ನಾನು ಆಡಿದ ಮೊದಲ ಮಾತು ಏನು ಗೊತ್ತೇ? "ಮತ್ಯಾರರ ನೋಡಿದ್ರೇನು?" ಅವಳು ನನ್ನ ಮುಖ ನೋಡಿ ಮನೆಗೆ ಹೋದಳು.

ರಾತ್ರಿ ಅವ್ವನಿಗೆ ಊಟ ಮಾಡಿಸಲು ಹೋದೆ. ಅರ್ಧ ರೊಟ್ಟಿ ತಿಂದು ಸಾಕೆಂದಳು. ಆರು ತಿಂಗಳಿನಿಂದ ಹೀಗೇ, ವಯಸ್ಸು ಎಂದುಕೊಂಡಿದ್ದೆ. ಇನ್ನರ್ಧ ತಿನ್ನು ಎಂದಾಗ ಹೇಳಿದಳು: "ಬ್ಯಾಡೋ. ನಾ ಭಾಳ ವಜ್ಜಿ ಆಗಿದ್ದೆ, ಅದಕ್ಕಽ ಚಂದಮ್ಮ ಹೋದಳು. ಈಗ ಹಗುರ ಆಗೀನಿ. ಆಕಿಗೆ ಹೇಳಿ ಕಳಸು, ಬಂದು ಒಮ್ಮೆ ಎತ್ತಿ ನೋಡ್ಲಿ."

ಖಂಡಪ್ಪ, ನಾನು ತಟ್ಟೆ ಹಿಡಿದುಕೊಂಡು ಅಡಿಗೆಮನೆಗೆ ಹೋಗಿ ಕೂತುಬಿಟ್ಟೆ. ನನ್ನ ಒಂದು ಸುಳ್ಳಿಗೆ ಅವ್ವ ಹಸಿದುಕೊಂಡಿದ್ದಾಳೆ, ನಿನ್ನ ಅಕ್ಕ ತನ್ನ ಕೈಯನ್ನು ತಾನೇ ತಿರುವಿ ನೋಡಿಕೊಂಡಿದ್ದಾಳೆ. ಅವ್ವನಿಗೆ ಇನ್ನೂ ನಿಜ ಹೇಳಿಲ್ಲ. ಹನ್ನೆರಡು ದಿನದಿಂದ ಮಂಚದ ಹತ್ತಿರ ಹೋಗುತ್ತೇನೆ, ಬರುತ್ತೇನೆ. ಬರೆಯುವುದಕ್ಕೆ ಬಂದಷ್ಟು ಧೈರ್ಯ ಬಾಯಿಗೆ ಬರುತ್ತಿಲ್ಲ.

ಚಂದಮ್ಮ ಬರಲಿ ಎಂದು ಕೇಳುವ ಮುಖ ನನಗಿಲ್ಲ. ಅವ್ವ ಕೇಳಿದ್ದನ್ನು ಮುಟ್ಟಿಸಿದ್ದೇನೆ.

ಜಯತೀರ್ಥ


ಐನಾಪುರ
8 ಜೂನ್ 2000

ರಾಯರಿಗೆ,

ಪತ್ರವನ್ನು ಅಕ್ಕನಿಗೆ ಓದಿ ಹೇಳಿದೆ. ರೊಟ್ಟಿಯ ಮಾತು ಇದ್ದಲ್ಲಿ ಇನ್ನೊಮ್ಮೆ ಓದು ಎಂದಳು. ಓದಿದೆ. ಎದ್ದು ಹೋಗಿ ಚೀಲದಲ್ಲಿ ಸೀರೆ ತುಂಬತೊಡಗಿದಳು.

ಮುಂದಿನ ಗುರುವಾರ ಬರುತ್ತಾಳೆ. ನಿಮ್ಮ ಸಲುವಾಗಿ ಅಲ್ಲ. ಹಿಡಿಕೆಯನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ, ಯಂತ್ರ ಕೂಡಿಸುವಾಗಲೇ ಗೇರಿನ ಬಲಕ್ಕೆ ತೂತು ಬಿಟ್ಟಿದ್ದೇನೆ, ಅಲ್ಲಿ ಕೂರುತ್ತದೆ.

ನಮಗೆ ಬರೆದಿರಿ, ಒಳ್ಳೆಯದಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಅವ್ವಾರಿಗೆ ನೀವೇ ಹೇಳಬೇಕು, ನಿಮ್ಮ ಬಾಯಿಂದ.

ಖಂಡಪ್ಪ


ಶಹಾಬಾದ
2 ಜುಲೈ 2000

ಖಂಡಪ್ಪ,

ಚಂದಮ್ಮ ಬಂದ ದಿನ ನಡೆದದ್ದನ್ನು ಆಕೆ ನಿನಗೆ ಹೇಳಿ ಕಳಿಸುವುದಿಲ್ಲ. ನಾನೇ ಬರೆಯಬೇಕು.

ರಜೆ ಹಾಕಿ ಮನೆಯಲ್ಲೇ ಇದ್ದೆ, ರಂಜನಾಳೂ ಇದ್ದಳು. ಹನ್ನೊಂದರ ಹೊತ್ತಿಗೆ ಚಂದಮ್ಮ ಬಂದಳು. ಕಸ ಮುಸುರೆಗೆಂದು ಬಂದು ಹನ್ನೊಂದು ವರ್ಷ ಈ ಮನೆಯಲ್ಲಿ ಓಡಾಡಿದವಳು ಹೊಸ್ತಿಲ ಹೊರಗೇ ನಿಂತಳು. ಅವ್ವ ದನಿ ಕೇಳಿ, ಒಳಗೆ ಬಾ ಎಂದು ಕರೆದಳು. ಚಂದಮ್ಮ ಕದಲಲಿಲ್ಲ. ನನ್ನ ಪತ್ರ ಓದಿಸಿಕೊಂಡು ಎಲ್ಲವನ್ನೂ ತಿಳಿದೇ ಬಂದಿದ್ದಳು, ಆದರೂ ಅಲ್ಲಿಂದಲೇ ಕೇಳಿದಳು.

"ಅವ್ವಾರ, ನನ್ನ ಕೈ ಬ್ಯಾಡ ಅಂದಿದ್ರೇನ್ರಿ?"

ಅವ್ವನಿಗೆ ಅರ್ಥವಾಗಲಿಲ್ಲ. ಯಾರಂದರು, ಎಂದಳು. ಚಂದಮ್ಮ ನನ್ನ ಕಡೆ ನೋಡಿದಳು. ರಂಜನಾಳೂ ನೋಡಿದಳು. ನಾನು ಮಂಚದ ಹತ್ತಿರ ಹೋಗಿ ಹೇಳಿದೆ.

"ನಾ ಅಂದಿದ್ದೆ, ಅವ್ವಾ. ನಿನ್ನ ಹೆಸರಲೆ ನಾನಽ ಅಂದಿದ್ದೆ. ಆಕಿ ತಾನಾಗೇ ಹೋಗಲಿಲ್ಲ."

ಶ್ರಾದ್ಧದ ದಿನ, ಜೋಲಿಯ ಬಟ್ಟೆ, ಎಲ್ಲವನ್ನೂ ಹೇಳಿದೆ. ನಾನು ಮುಗಿಸಿದ ಮೇಲೆ ಅವ್ವ ಬಲಗೈಯನ್ನು ಬಾಗಿಲ ಕಡೆ ಚಾಚಿದಳು. ಚಂದಮ್ಮ ಬಂದಳು, ಹಾಸಿಗೆಯ ಅಂಚಿಗೆ ಕೂತಳು, ಅವ್ವನ ಎಡ ಹಿಮ್ಮಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಿದಳು. ಹುಣ್ಣಾಗಿತ್ತು. ನೀನು ಬರೆದಿದ್ದೆ, ನಾನು ಎಣ್ಣೆ ಹಚ್ಚಿದ್ದು ನಾಲ್ಕು ದಿನ.

ಯಂತ್ರವನ್ನು ಕಿತ್ತು ಹಾಕುತ್ತೇನೆ ಎಂದೆ. ಚಂದಮ್ಮ ಬೇಡವೆಂದಳು. ಅದು ಕೆಟ್ಟಿಲ್ಲ, ತನ್ನ ಬೆನ್ನಿಗೂ ಅದು ಬೇಕು ಎಂದಳು. ನೀನು ಕಳಿಸಿದ ಹಿಡಿಕೆಯನ್ನು ಕೂಡಿಸಿದ್ದೇನೆ. ಈಗ ಅವಳು ಒಂದು ಕೈಯಿಂದ ಹಿಡಿಕೆ ತಿರುಗಿಸುತ್ತ, ಇನ್ನೊಂದನ್ನು ಅವ್ವನ ಬೆನ್ನಿಗೆ ಕೊಟ್ಟು, ಮಾತಾಡುತ್ತ ಮಾತಾಡುತ್ತ ಬಚ್ಚಲಿಗೆ ಒಯ್ಯುತ್ತಾಳೆ. ಟೇಪು ಮಾತ್ರ ತೆಗೆದುಬಿಟ್ಟೆ. ಚಂದಮ್ಮ ಅಂಬಿಕಾಳ ಮನೆಯಿಂದ ದಿನಾ ಬರುತ್ತಾಳೆ. ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತು.

ಈ ವರ್ಷದ ಶ್ರಾದ್ಧ ಮುಂದಿನ ವಾರ. ಮನೆಯಲ್ಲಿ ಚಂದಮ್ಮ ಇದ್ದಾಳೆ, ಇರುತ್ತಾಳೆ, ಒಪ್ಪಿದರೆ ಬಾ ಎಂದು ನಂದಕಿಶೋರಣ್ಣನಿಗೆ ಬರೆದೆ. ಉತ್ತರ ಬಂದಿಲ್ಲ. ಬರಲಿಕ್ಕಿಲ್ಲ.

ಅವ್ವ ಈಗ ಎರಡು ರೊಟ್ಟಿ ತಿನ್ನುತ್ತಾಳೆ. ಚಂದಮ್ಮ ಕೊಟ್ಟರೂ ತಿನ್ನುತ್ತಾಳೆ, ರಂಜನಾ ಕೊಟ್ಟರೂ ತಿನ್ನುತ್ತಾಳೆ. ಮೊನ್ನೆ ನಜಮುನ್ನೀಸಾ ತಂದ ಶರಬತ್ತನ್ನೂ ಕುಡಿದಳು. ನಾನು ನಿಜ ಹೇಳಿದ ದಿನದಿಂದ ನನ್ನ ಕೈಯಿಂದ ಮಾತ್ರ ಏನನ್ನೂ ತೆಗೆದುಕೊಂಡಿಲ್ಲ. ಬೈಯುವುದಿಲ್ಲ, ಸಿಟ್ಟಿನ ಮುಖ ಮಾಡುವುದಿಲ್ಲ. ಕಾರ್ಖಾನೆಯಲ್ಲಿ ಏನು ನಡೆಯಿತೆಂದು ಕೇಳುತ್ತಾಳೆ. ನೀರಿನ ತಂಬಿಗೆ ಹಿಡಿದು ಹೋದರೆ ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಾಳೆ.

ಇವತ್ತು ಬೆಳಿಗ್ಗೆ ಚಂದಮ್ಮನಿಗೇ ತಡೆಯಲಾಗಲಿಲ್ಲ. ಮಗ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ನೀರು ತಂದು ಎಷ್ಟೊತ್ತಿನಿಂದ ನಿಂತಿದ್ದಾನೆ, ಒಂದು ಗುಟುಕು ಕುಡಿಯಿರಿ ಎಂದು ಅವ್ವನಿಗೆ ಹೇಳಿದಳು. ಅವ್ವ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಅವಾ ಇನ್ನೂ ಮಡಿ ಆಗಿಲ್ಲ ಚಂದಮ್ಮ. ನೀ ಕೊಡು" ಎಂದಳು.

ತಂಬಿಗೆಯನ್ನು ಚಂದಮ್ಮನ ಕೈಗೆ ಕೊಟ್ಟು ಹೊರಗೆ ಬಂದೆ. ನಾಳೆ ಮತ್ತೆ ಒಯ್ಯುತ್ತೇನೆ.

ಜಯತೀರ್ಥ